ಮಿದುಳಿನ ನೀರು, ಚೊಂಬಿನ ನೀರು

ಒಂದು ಹೆಸರು ನನ್ನ ನಾಲಿಗೆಯ ಮೇಲೆ ನಿಲ್ಲುವುದೇ ಇಲ್ಲ: ಆಕ್ವಾಪೊರಿನ್. ಬೀದರದ ಕಾಲೇಜಿನಲ್ಲಿ ವರ್ಷಗಟ್ಟಲೆ ಶರೀರಶಾಸ್ತ್ರ ಕಲಿಸಿದವನು ನಾನು. ಬರೆಯುವಾಗ ಅದು ಸಿಗುತ್ತದೆ, ಬಾಯಿ ತೆರೆದರೆ ಪರಾರಿ. ಮರೆವು ಎಲ್ಲರಿಗೂ ಇದ್ದದ್ದೇ ಎಂದು ನೀವು ಸಮಾಧಾನ ಹೇಳಬಹುದು. ಆದರೆ ಗೆಳೆಯ ಮಿಲಿಂದ ಹೋದ ಮೇಲೆ, ಕನ್ನಡಕ ಎಲ್ಲಿಟ್ಟೆ ಎಂಬುದು ಮರೆತರೂ ನಾನು ಕನ್ನಡಿಯ ಮುಂದೆ ನಿಂತು ನನ್ನ ಹೆಸರನ್ನು ಒಮ್ಮೆ ಹೇಳಿಕೊಳ್ಳುತ್ತೇನೆ. ಸರಿಯಾಗಿ ಹೇಳಿದೆನೇ ಎಂದು ಖಾತ್ರಿ ಮಾಡಿಕೊಳ್ಳಲು ಹೆಂಡತಿಯನ್ನು ಕರೆಯುತ್ತೇನೆ. ಅವಳು ಬರುವುದಿಲ್ಲ.

ಮಿಲಿಂದ ಮೆಹಕರದವನು, ಭಾಲ್ಕಿಯಲ್ಲಿ ವಿಜ್ಞಾನದ ಮಾಸ್ತರ. ಆ ಬರಗಾಲದ ವರ್ಷಗಳಲ್ಲಿ ಅವನ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು; ಜನ ಹೈದರಾಬಾದಿಗೋ ಪುಣೆಗೋ ಹೋಗಿದ್ದರು. ಉಳಿದವರು ಟ್ಯಾಂಕರಿಗಾಗಿ ಹಿಂದಿನ ಸಂಜೆಯೇ ಕೊಡಗಳನ್ನು ಸಾಲಿಗೆ ಇಡುತ್ತಿದ್ದರು. ಮನುಷ್ಯ ಮನೆಯಲ್ಲಿ ಮಲಗಿರುತ್ತಾನೆ, ಅವನ ಪರವಾಗಿ ಕೊಡ ಬೀದಿಯಲ್ಲಿ ನಿಂತಿರುತ್ತದೆ. ಜಗಳ ತಪ್ಪಲೆಂದು ಕೊಡಗಳಿಗೆಲ್ಲ ಬಣ್ಣದಲ್ಲಿ ಹೆಸರು ಬರೆದವನು ಮಿಲಿಂದನೇ. ಒಂದು ಬೆಳಿಗ್ಗೆ ಅದೇ ಸಾಲಿನ ಮುಂದೆ ನಿಂತು, ತನ್ನ ಕೊಡ ಯಾವುದೆಂದು ಪಕ್ಕದ ಮನೆಯವನನ್ನು ಕೇಳಿದ.

"ಮಾಸ್ತರ, ನಿಮ್ಮ ಅಕ್ಷರ ನಿಮಗೇ ತಿಳೀವಲ್ದು ನೋಡ್ರಿ" ಎಂದು ಅವನು ನಕ್ಕ. ಆಗ ನಾನೂ ಅಲ್ಲೇ ಇದ್ದೆ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ದಿನ ನಾನೂ ಅವಳೂ ಔರಾದದಲ್ಲಿ ಮದುವೆಯ ಊಟ ಮಾಡುತ್ತಿದ್ದೆವು ಎಂದು ಹೆಂಡತಿ ಆಣೆ ಮಾಡುತ್ತಾಳೆ.

ಕೆಲವೇ ತಿಂಗಳಲ್ಲಿ ಮಿಲಿಂದ ಮಾತು ಮರೆತ, ನಡಿಗೆ ಮರೆತ, ಹೊರಟೇಹೋದ. ಪ್ರಿಯಾನ್ ರೋಗ ಎಂದರು ಡಾಕ್ಟರು. ನಮ್ಮದೇ ಮಿದುಳಿನ ಒಂದು ಪ್ರೋಟೀನು ತಪ್ಪಾಗಿ ಮಡಚಿಕೊಂಡು, ಪಕ್ಕದ್ದಕ್ಕೂ ಅದೇ ತಪ್ಪನ್ನು ಕಲಿಸುತ್ತ ಹೋಗುತ್ತದೆ. ಮಿದುಳು ಸ್ಪಂಜಿನಂತೆ ತೂತು ಬೀಳುತ್ತದೆ.

ಅವನ ಹೆಂಡತಿ ಸುಜಾತಾ ನನಗೆ ವೈನಿ, ಎಂದರೆ ಅತ್ತಿಗೆ. ಅವರ ಕಿವಿಯಲ್ಲಿ ಉಳಿದದ್ದು ಸ್ಪಂಜು ಎಂಬ ಒಂದೇ ಮಾತು. ಫೋನಿನಲ್ಲಿ ಕೇಳಿದರು: "ಭಾವೂಜಿ, ಕೈ ನಡುಗಿ ನೀರು ಚೆಲ್ತಿದ್ರು. ಟ್ಯಾಂಕರಿನ ನೀರು ಅಂತ ನಾನೇ ಅರ್ಧ ಚೊಂಬು ಕೊಡ್ತಿದ್ದೆರಿ. ತಲಿ ಒಣಗಿ ತೂತು ಬಿದ್ದದ್ದು ನನ್ನ ಕೈಲಿಂದೇನ್ರಿ?"

"ಇರಲಿಕ್ಕಿಲ್ಲ ಬಿಡ್ರಿ" ಎಂದೆ. ಸಂಶಯವಾದಿಯ ಸಾಂತ್ವನ ಇಷ್ಟೇ ಗಟ್ಟಿ. ವಾರ ಕಳೆದು ಅವರ ಮಗಳು ಫೋನು ಮಾಡಿ, ಅವ್ವ ಈಗ ತಾನೂ ಅರ್ಧ ಚೊಂಬೇ ಕುಡೀತಾಳ, ಬಿಸಿಲಿಗೆ ಎರಡು ಸಲ ಬಿದ್ದಾಳ ಎಂದಳು.

ಈ ಸಲ ಸರಿಯಾಗಿ ಓದಿಕೊಂಡೇ ಹೋಗುವುದೆಂದು ಹಟ ಹಿಡಿದು ಕೂತೆ. ಮಿದುಳಿನಲ್ಲಿ ಆಸ್ಟ್ರೋಸೈಟ್ ಎಂಬ ನಕ್ಷತ್ರದಾಕಾರದ ಕೋಶಗಳಿವೆ. ಅವು ರಕ್ತನಾಳಗಳನ್ನು ಪಾದಗಳಿಂದ ತಬ್ಬಿಕೊಂಡಿರುತ್ತವೆ. ನಮಗೆ ಆಗದ ಕೆಲಸ. ಆ ಪಾದಗಳಲ್ಲಿ ನೀರಿಗೆಂದೇ ಇರುವ ಸಣ್ಣ ಬಾಗಿಲುಗಳೇ ಆಕ್ವಾಪೊರಿನ್. ಪ್ರಿಯಾನ್ ರೋಗದಲ್ಲಿ ಈ ಬಾಗಿಲುಗಳು ಹೆಚ್ಚುತ್ತವೆ, ಪಾದ ಬಿಟ್ಟು ಕಂಡಕಂಡಲ್ಲಿ ಚೆದುರುತ್ತವೆ ಎಂದು ಬಲ್ಲವರು ಬರೆದಿದ್ದಾರೆ. ತೂತಿನಲ್ಲಿ ಅವುಗಳ ಕೈವಾಡ ಇದೆಯೋ, ಅಥವಾ ಬೆಂಕಿ ಬಿದ್ದ ಮನೆಗೆ ನೀರು ಹೊತ್ತು ಓಡಿಬಂದ ನೆರೆಯವರೋ ಅವು? ಇನ್ನೂ ತೀರ್ಮಾನವಾಗಿಲ್ಲ. ಇಂಥ ಜಾಗ ನನಗೆ ತವರುಮನೆ. "ಇರಬಹುದು" ಎಂದು ಕಾಲು ಚಾಚಿ ಕೂರಬಹುದು. ಆದರೆ ಭಾಲ್ಕಿಯಲ್ಲಿ ಒಬ್ಬರು ಅರ್ಧ ಚೊಂಬು ಕುಡಿಯುತ್ತಿದ್ದರು.

ಹೋದೆ. ವೈನಿಯ ಎದುರು ಕೂತು ಬಾಯಿ ತೆರೆದೆ, ಹೆಸರು ಪರಾರಿ. ಕೈಗೆ ಸಿಕ್ಕದ್ದು ಬೀದರದ ಸುರಂಗ ಬಾವಿ, ನೆಲದಡಿ ನೀರು ಹರಿಸಲು ಸುಲ್ತಾನರ ಕಾಲದಲ್ಲಿ ಕೊರೆದದ್ದು. "ನೋಡೀರಲ್ಲ ವೈನಿ?"

"ಲಗ್ನ ಆದ ವರ್ಷ ಇವರೇ ತೋರಿಸಿದ್ರು. ಬ್ಯಾರೆಯವರು ಹೆಂಡ್ತೀನ ಸಿನೆಮಾಕ್ಕ ಕರ್ಕೊಂಡು ಹೋಗ್ತಾರ."

ಮಿದುಳಿನಲ್ಲೂ ಹಾಗೆಯೇ ನೀರಿನ ದಾರಿಗಳಿವೆ, ರೋಗ ಬಂದಾಗ ಒಳಗಿನ ಬಾಗಿಲುಗಳೇ ಜಾಗ ತಪ್ಪುತ್ತವೆ ಎಂದು ವಿವರಿಸಿದೆ. ಕೊನೆಗೆ ನನಗೇ ನನ್ನ ಮೇಲೆ ಮೆಚ್ಚುಗೆ ಬಂತು.

ವೈನಿ ತಲೆಯಾಡಿಸಿದರು. "ಖರೆ ಅದರಿ. ಆದ್ರ ಮ್ಯಾಲ ಮಳಿ ಬರಲಿಲ್ಲಂದ್ರ ಸುರಂಗನೂ ಒಣಗ್ತದಲ್ರಿ. ಅಂದ್ರ ತಿರುಗಿ ನನ್ನ ಅರ್ಧ ಚೊಂಬಿಗೇ ಬಂತು."

ಉಪಮೆ ಕೊಟ್ಟು ಗೆದ್ದೆನೆಂದುಕೊಂಡವನು ಅದರೊಳಗೇ ಬಿದ್ದಿದ್ದೆ. ಮೇಲೆ ಬರಲು ಒಂದೇ ದಾರಿ ಉಳಿದಿತ್ತು.

"ಸುರಂಗ ಬಿಡ್ರಿ ವೈನಿ. ಮಿಲಿಂದ ನೀರಡಿಸಿ ಹೋಗಿಲ್ಲ. ಕೊಡ ತುಂಬಾ ಕುಡಿಸಿದ್ರೂ ಈ ರೋಗ ನಿಲ್ತಿರಲಿಲ್ಲ. ನಿಮ್ಮ ಚೊಂಬಿಂದ ಆಗಿಲ್ಲ."

"ಆಗಿರಲಿಕ್ಕಿಲ್ಲ ಅಂತೀರೇನ್ರಿ?"

"ಇಲ್ರಿ. ಆಗಿಲ್ಲ."

ಅವರು ನನ್ನನ್ನೇ ನೋಡಿದರು. "ಇಷ್ಟು ವರ್ಷದಾಗ ಒಂದ ಮಾತು ಗಟ್ಟಿ ಹೇಳಿದ್ರಿ. ಇವರು ಇದ್ದಿದ್ರ ನಂಬ್ತಿರಲಿಲ್ಲ" ಎಂದು ಒಳಗೆ ಹೋಗಿ ಎರಡು ಚೊಂಬು ನೀರು ತಂದರು. ಅವರು ತಮ್ಮದನ್ನು ಎತ್ತಿ ಮುಗಿಸುವ ತನಕ ನಾನು ನನ್ನದನ್ನು ಮುಟ್ಟಲಿಲ್ಲ.

ಬೀದರಕ್ಕೆ ಮರಳುವ ಬಸ್ಸು ಹಲಬರ್ಗಾ ದಾಟುವಾಗ, ಆಕ್ವಾಪೊರಿನ್ ಎಂಬ ಆ ಹೆಸರು ತಾನಾಗಿ ಬಂದು ಪಕ್ಕದಲ್ಲಿ ಕೂತಿತು. ತಡವಾದದ್ದಕ್ಕೆ ನಾನು ಬೈಯಲಿಲ್ಲ. ಬೇಗ ಬಂದಿದ್ದರೆ ಅದನ್ನೊಂದು ಹೇಳಿ ಎದ್ದು ಬಂದುಬಿಡುತ್ತಿದ್ದೆ.

ಔರಾದದ ಮದುವೆಯ ವಿಷಯದಲ್ಲಿ ಹೆಂಡತಿ ಹೇಳಿದ್ದೇ ಸರಿ ಇರಬಹುದು, ನಾನು ತಕರಾರು ಮಾಡುವುದಿಲ್ಲ. ಆದರೆ ವೈನಿಯ ಕೈಯಲ್ಲಿದ್ದ ಚೊಂಬು ಕಂಠದ ತನಕ ತುಂಬಿತ್ತು. ಇದನ್ನು ಯಾರೂ ತಿದ್ದಲು ಬರಬೇಡಿ.