ಹೇಳದೆ ಬಂದ ನೀರು

ನಾನು ಕೆಲಸ ಮಾಡುವ ಕುವೈತಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವವಳು ಲೆಬನಾನಿನವಳು. ಅವಳ ಮೊಬೈಲಿನ ತುಂಬ ಅವಳೂರಿನ ಕಡಲತೀರದ ಫೋಟೊಗಳು. ಬಿಳಿ ಬಂಡೆ, ನೀಲಿ ನೀರು, ಒಂದು ನರಪಿಳ್ಳೆಯೂ ಇಲ್ಲ. ಮೆಡಿಟರೇನಿಯನ್ ಮಾತ್ರ ಸಮುದ್ರ, ಉಳಿದದ್ದೆಲ್ಲ ಹೊಂಡ ಎನ್ನುವ ಹಾಗೆ ಅವಳು ತೋರಿಸುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇನು ಕಡಲು ಕಾಣದವಳಲ್ಲ. ಉಡುಪಿಯ ಕಡೆ, ಅಂಗಳ ದಾಟಿದರೆ ಮರಳು ಎಂಬಂಥ ಮನೆಯಲ್ಲಿ ಬೆಳೆದವಳು. ಆದರೂ, ಕುವೈತಿನಲ್ಲೇ ಒಂದು ಕಡೆ ತನ್ನೂರಿನಂಥ ಬಂಡೆಗಳಿವೆ, ಯಾರೂ ಬರುವುದಿಲ್ಲ, ಮೀನಾ ಅಬ್ದುಲ್ಲಾದ ರಿಫೈನರಿ ದಾಟಿ ದಕ್ಷಿಣಕ್ಕೆ ಹೋಗು ಎಂದು ಅವಳು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಅಮ್ಮ ಆಗ ವಿಸಿಟ್ ವೀಸಾದಲ್ಲಿ ನಮ್ಮ ಮನೆಗೆ ಬಂದಿದ್ದರು.

ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನ ಕಿಟಕಿ ತೆರೆದರೆ ಎದುರಿನವರ ಒಣಗಿದ ಬಟ್ಟೆ ಕಾಣುತ್ತದೆ, ಅಷ್ಟೇ. ಅಮ್ಮನಿಗೆ ಅಲ್ಲಿ ನಿದ್ದೆಯೇ ಹತ್ತುತ್ತಿರಲಿಲ್ಲ. ಕಡಲಿನ ಸದ್ದಿಲ್ಲದೆ ಮಲಗಿ ಅವರಿಗೆ ಅಭ್ಯಾಸವಿಲ್ಲ. ಊರಿನಲ್ಲಿ ಅವರು ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಲೇ, ತಲೆ ಎತ್ತದೆ, ನೀರು ಏರ್ತಾ ಉಂಟು ಮಕ್ಕಳೇ, ಮೇಲೆ ಬನ್ನಿ ಎಂದು ಕೂಗುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ನಾವೆಲ್ಲ ಕಡಲನ್ನು ಕಿವಿಯಿಂದಲೇ ಕಲಿತವರು. ಅದು ಏನು ಮಾಡುವುದಿದ್ದರೂ ಮೊದಲು ಗುಡುಗಿಯೇ ಮಾಡುತ್ತಿತ್ತು.

ನನ್ನ ಗಂಡ ತುಮಕೂರು ಕಡೆಯವರು. ಈಜು ಬಾರದು, ಮಾತೂ ಕಡಿಮೆ. ಅಳಿಯಂದಿರು ನೀರನ್ನು ಬಕೆಟಿನಲ್ಲಿ ಮಾತ್ರ ನೋಡಿದ್ದು ಎಂದು ಅಮ್ಮ ತಮಾಷೆ ಮಾಡಿದರೆ ಅವರು ಸುಮ್ಮನೆ ನಗುತ್ತಾರೆ. ಮಗಳಿಗೆ ಎಂಟು ವರ್ಷ. ಕನ್ನಡದಲ್ಲಿ ಏನು ಹೇಳಿದರೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮನಿಗೆ ಇಂಗ್ಲಿಷಿನ ಗಂಧವಿಲ್ಲ. ಮೊಮ್ಮಗಳು ಏನು ಹೇಳಿದರೂ "ಹೂಂ ಮಗಾ" ಎಂದು ತಲೆ ಸವರುತ್ತಿದ್ದರು. ಇವರಿಬ್ಬರಿಗೆ ಭಾಷೆಯೇ ಬೇಡ ನೋಡಿ ಎಂದು ನಾನು ಬಂದವರ ಮುಂದೆಲ್ಲ ಹೇಳಿಕೊಂಡು ಬೀಗುತ್ತಿದ್ದೆ.

ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ಹೊರಟೆವು. ರಿಫೈನರಿಯ ಚಿಮಣಿಗಳು ಹಿಂದಾದ ಮೇಲೆ ಡಾಂಬರು ಬಿಟ್ಟು ಮಣ್ಣಿನ ದಾರಿ ಹಿಡಿದು ಹೋದರೆ, ನಿಜಕ್ಕೂ ಅಲ್ಲಿ ಯಾರೂ ಇರಲಿಲ್ಲ. ನೀರು ಇಳಿದು ಎಲ್ಲೋ ದೂರ ಹೋಗಿತ್ತು. ಕಣ್ಣು ಹಾಯುವಷ್ಟು ದೂರ ಕಂದು ಬಂಡೆಹಾಸು, ನಡುನಡುವೆ ಪಾದ ಮುಳುಗುವಷ್ಟು ನೀರಿನ ಗುಂಡಿಗಳು. ಅದರಾಚೆ ಎತ್ತರದ ಒಂದು ಕರಿಬಂಡೆ.

ಅಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದರು. "ಇದೆಂತ ಕಡಲು ಮಾರಾಯ್ತಿ, ಮಾತೇ ಇಲ್ಲ."

ಆದರೆ ಬಂಡೆ ಕಂಡ ಮೇಲೆ ಅವರ ಕೈ ಸುಮ್ಮನಿರಬೇಕಲ್ಲ. ಬಂಡೆ ಇದ್ದಲ್ಲಿ ನೀಲಿಕಲ್ಲು ಇದ್ದೇ ಇರುತ್ತದೆ ಎನ್ನುವುದು ನಮ್ಮೂರ ಹೆಂಗಸರ ನಂಬಿಕೆ; ಕಲ್ಲಿಗೆ ಕಚ್ಚಿಕೊಂಡ ಆ ಚಿಪ್ಪುಗಳನ್ನು ಎಬ್ಬಿಸಿ ತಂದು ಸುಕ್ಕ ಮಾಡಿದರೆ ಅವತ್ತಿನ ಊಟವೇ ಬೇರೆ. ಅಮ್ಮ ಬುಟ್ಟಿಯಿಂದ ಸ್ಟೀಲಿನ ಸೌಟು ತೆಗೆದು, ಸೀರೆ ಎತ್ತಿ ಕಟ್ಟಿ, ಮೊಮ್ಮಗಳ ಕೈಹಿಡಿದು ಕರಿಬಂಡೆಯತ್ತ ನಡೆದರು. ನಾನು ತಡೆಯಲಿಲ್ಲ. ಕಡಲಿನ ವಿಷಯದಲ್ಲಿ ಅಮ್ಮನಿಗೆ ಬುದ್ಧಿ ಹೇಳುವುದುಂಟೇ? ಗಂಡ ಚಾಪೆ ಹಾಸಿ ಚಹಾಕ್ಕೆ ಒಲೆ ಹಚ್ಚಿದರು. ನಾನು ಲೆಬನಾನಿನವಳ ಬಾಯಿ ಮುಚ್ಚಿಸುವಂಥ ಫೋಟೊ ಹುಡುಕುತ್ತಾ ದಡದುದ್ದಕ್ಕೂ ಹೊರಟೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಹಿಂದಿರುಗಿ ನೋಡಿದಾಗ ಗಂಡ ಚಪ್ಪಲಿಯನ್ನೂ ಕಳಚದೆ ನೀರಿಗೆ ಇಳಿಯುತ್ತಿದ್ದರು. ಇದೇನು ಇವರಿಗೆ ಹುಚ್ಚೇ ಎಂದುಕೊಂಡೆ. ಆಮೇಲೆ ಹೊಳೆಯಿತು, ನಾವು ಬಂದಾಗ ಅಲ್ಲಿ ನೀರೇ ಇರಲಿಲ್ಲ. ಕರಿಬಂಡೆ ದ್ವೀಪವಾಗಿತ್ತು. ದಡಕ್ಕೂ ಅದಕ್ಕೂ ನಡುವೆ ನಾವು ನಡೆದಾಡಿದ ನೆಲವೆಲ್ಲ ಮಾಯವಾಗಿತ್ತು. ಅಲೆ ಇಲ್ಲ, ನೊರೆ ಇಲ್ಲ, ಸದ್ದು ಮೊದಲೇ ಇಲ್ಲ. ಮನೆಯೊಳಗೆ ಬಚ್ಚಲು ಕಟ್ಟಿಕೊಂಡಾಗ ನೀರು ತುಂಬುವ ಹಾಗೆ ತುಂಬಿತ್ತು. ಆ ಬಂಡೆಯ ಮೇಲೆ ಅಮ್ಮ ದಡಕ್ಕೆ ಬೆನ್ನು ಹಾಕಿ ಕೂತು ಇನ್ನೂ ಸೌಟಿನಿಂದ ಕಲ್ಲು ಕೆರೆಯುತ್ತಿದ್ದರು. ಮಗಳು ಎದ್ದು ನಿಂತಿದ್ದಳು.

ಈಜು ಬಲ್ಲವಳು ನಾನು, ಆದರೆ ಆ ಮೌನ ನೋಡಿ ನಿಂತಲ್ಲೇ ನಿಂತುಬಿಟ್ಟೆ. ನನಗೆ ಗೊತ್ತಿದ್ದ ಯಾವ ಕಡಲೂ ಹೀಗೆ ಬರುತ್ತಿರಲಿಲ್ಲ. ಈಜು ಬಾರದ ಮನುಷ್ಯ ಎದೆಮಟ್ಟದ ನೀರಿನಲ್ಲಿ ಹೋಗುತ್ತಿರುವುದು ಕಂಡ ಮೇಲೆ ಕಾಲಿಗೆ ಜೀವ ಬಂತು, ಓಡಿದೆ.

ನಾನು ಈಜಿ ಬಂಡೆ ಮುಟ್ಟುವಷ್ಟರಲ್ಲಿ ಅವರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟರು. ನಾನು ಅಮ್ಮನ ರಟ್ಟೆ ಹಿಡಿದೆ. ಬಂಡೆಯಿಂದ ಇಳಿದ ಕೂಡಲೇ ಅಮ್ಮನ ನೋಯುವ ಮಂಡಿ ಕೈಕೊಟ್ಟಿತು. ಸೀರೆ ಕಾಲಿಗೆ ಸುತ್ತಿಕೊಂಡು ಒಮ್ಮೆ ಪೂರ್ತಿ ಮುಳುಗಿದರು. ಜುಟ್ಟು ಹಿಡಿದೆಳೆದೆ. ಹೆತ್ತವಳ ಜುಟ್ಟು ಹಿಡಿದೆಳೆದು ಈಚೆ ತಂದೆ. ಮುಂದೆ ಗಂಡನ ಗದ್ದಕ್ಕೆ ನೀರು ಬಂದಿತ್ತು. ಅವರು ಮುಖ ಆಕಾಶಕ್ಕೆ ಮಾಡಿಕೊಂಡು, ಮಗಳ ಕಾಲು ಬಿಗಿಯಾಗಿ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಎಲ್ಲರೂ ದಡ ಸೇರಿದೆವು.

ಚಾಪೆಯ ಮೇಲೆ ಕುಸಿದು ಕೂತೆವು. ಚಹಾ ಕುದಿದು ಬತ್ತಿತ್ತು. ನಾವು ನೋಡುತ್ತಿದ್ದ ಹಾಗೇ ಕರಿಬಂಡೆಯೂ ಮುಳುಗಿತು. ಲೆಬನಾನಿನವಳ ಸಮುದ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲವಂತೆ. ಅದು ನನಗೆ ಮಾರನೆಯ ದಿನ ತಿಳಿಯಿತು. ಎಚ್ಚರಿಸಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಅಮ್ಮ ನಡುಗುತ್ತಿದ್ದರು, ಚಳಿಗಿಂತ ಹೆಚ್ಚಾಗಿ ಸಿಟ್ಟಿನಿಂದ. "ಹೇಳದೆ ಕೇಳದೆ ಬರುವುದಾ ನೀರು? ಒಂದು ಸೊಲ್ಲು? ಕಳ್ಳನ ಹಾಗೆ?" ಎಂದು ಕಾರು ಹತ್ತುವವರೆಗೂ ಅದನ್ನೇ ಹೇಳಿದರು. ಹಿಂದಿನ ಸೀಟಿನಲ್ಲಿ ಮೊಮ್ಮಗಳನ್ನು ಟವೆಲಿನಲ್ಲಿ ಸುತ್ತಿ ಪಕ್ಕಕ್ಕೆ ಎಳೆದುಕೊಂಡರು. ಗಂಡ ಕಾರು ತಿರುಗಿಸಿದರು.

ಡಾಂಬರು ರಸ್ತೆ ಸಿಕ್ಕ ಮೇಲೆ ಮಗಳು ನನ್ನ ಸೀಟಿನ ಕಡೆ ಬಗ್ಗಿದಳು.

"ಮಮ್ಮಾ, ಐ ಟೋಲ್ಡ್ ಅಜ್ಜಿ. ವಾಟರ್ ಈಸ್ ಕಮಿಂಗ್. ಐ ಕೆಪ್ಟ್ ಟೆಲ್ಲಿಂಗ್ ಹರ್. ಶಿ ಸೆಡ್ ಹೂಂ."

ಗಂಡ ನನ್ನ ಕಡೆ ತಿರುಗಿ, ಮತ್ತೆ ರಸ್ತೆ ನೋಡಿದರು.

"ಎಂತ ಹೇಳ್ತಾ ಉಂಟು ಮಗು?" ಅಮ್ಮ ಕೇಳಿದರು.

ಇದನ್ನು ಅವರಿಗೆ ಯಾವ ಬಾಯಿಂದ ಹೇಳಲಿ?

"ಹಸಿವಾಗ್ತದಂತೆ ಅಮ್ಮ."

ಅಮ್ಮ ಬುಟ್ಟಿಗೆ ಕೈಹಾಕಿ ಚಕ್ಕುಲಿಯ ಡಬ್ಬಿ ತೆಗೆದರು. ಒಂದನ್ನು ಮುರಿದು ಮೊಮ್ಮಗಳ ಬಾಯಿಯ ಹತ್ತಿರ ಹಿಡಿದರು.

"ಬಾಯಿ ಬಿಟ್ಟು ಹೇಳ್ಬಾರದಾ ಮಗಾ? ಹೇಳಿದ್ರೆ ಅಜ್ಜಿ ಕೇಳುವುದಿಲ್ವಾ?"

ಮಗಳು ಚಕ್ಕುಲಿ ಕೈಗೆ ತೆಗೆದುಕೊಂಡಳು, ತಿನ್ನಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ.