ಅಟ್ಟದ ಮೇಲೆ ಕಟ್ಟಿದ ವಾಕ್ಯ

ನಾನು ಚಿಕ್ಕವನಿದ್ದಾಗ ನನ್ನದು ಅಂತ ಹೇಳಿಕೊಳ್ಳುವುದಕ್ಕೆ ಒಂದೇ ಒಂದು ಇಂಗ್ಲಿಷ್ ವಾಕ್ಯ ಇತ್ತು. ನಗಬೇಡಿ ಮಕ್ಕಳೇ. ಎಂಟನೇ ತರಗತಿಗೆ ಬಂದಿದ್ದರೂ ಇಂಗ್ಲಿಷ್ ಅಂದರೆ ನನಗೆ ಜ್ವರ ಬಂದ ಹಾಗಾಗುತ್ತಿತ್ತು. ಅಂಥವನನ್ನು ತಿಪಟೂರಿನ ಇಂಗ್ಲಿಷ್ ಭಾಷಣ ಸ್ಪರ್ಧೆಗೆ ತಯಾರು ಮಾಡಿದವಳು ಅಕ್ಕ. ಅವಳು ಆಗ ಹತ್ತನೇ ತರಗತಿ, ಇಡೀ ಶಾಲೆಗೇ ಜಾಣೆ. ಭಾಷಣದ ವಿಷಯ ನಮ್ಮ ಸೀಮೆಯ ಬೆಳೆ. ಗೆದ್ದವರನ್ನು ತುಮಕೂರಿಗೆ ಕರೆದುಕೊಂಡು ಹೋಗುತ್ತಾರೆ ಅಂದಿದ್ದರು. ನಾನೋ ಸಂಪಿಗೆ ಊರಿನ ದೇವಸ್ಥಾನ, ತುರುವೇಕೆರೆ ಸಂತೆ, ತಿಪಟೂರಿನ ಅತ್ತೆಯ ಮನೆ ಬಿಟ್ಟರೆ ಬೇರೇನೂ ಕಂಡವನಲ್ಲ. ತುಮಕೂರು ನೋಡಲೇಬೇಕು ಅಂತ ಹಟ ಹಿಡಿದು ಕೂತೆ.

ನಮ್ಮ ಅಭ್ಯಾಸ ನಡೆಯುತ್ತಿದ್ದದ್ದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿಗಳ ರಾಶಿಯ ಮೇಲೆ. ಕೆಳಗಿನ ಒಲೆಯ ಹೊಗೆ ಬಿದಿರಿನ ಸಂದಿಯಿಂದ ಮೇಲೆದ್ದು ಕಣ್ಣು ಉರಿಸುತ್ತಿತ್ತು. ನಾರಿನ ಪುಡಿಗೆ ಸೀನು ಬರುತ್ತಿತ್ತು. ವರ್ಷದ ಹತ್ತಿರ ಕಾಯಿಗಳು ಹಾಗೇ ಕತ್ತಲಲ್ಲಿ ಬಿದ್ದಿರಬೇಕು. ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗಲೇ ಅದು ಉಂಡೆ ಕೊಬ್ಬರಿಯಾಗುವುದು.

ಒಂದು ಸಂಜೆ ಕಾಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾ, "ಪಾಪ ಕಣಕ್ಕ, ವರ್ಷ ಪೂರ್ತಿ ಕತ್ಲಲ್ಲಿ ಕೂತ್ಮೇಲೆ ತಾನೆ ಇದು ಕೊಬ್ರಿ ಆಗೋದು?" ಅಂದೆ.

ಅಕ್ಕ ಸರಕ್ಕನೆ ಎದ್ದು ಕೂತಳು. "ಅದ್ನೇ ಹೇಳು ಕಣ್ಲಾ ಭಾಷಣ್ದಲ್ಲಿ! ಆದ್ರೆ ನೆಟ್ಟಗೆ ಹೇಳ್ಬೇಡ, ತಿರುಗ್ಸಿ ಹೇಳು. ಯಾವ್ದು ಜನಕ್ಕೆ ನಾಟ್ಬೇಕೋ ಅದು ಮೊದ್ಲು ಬರ್ಬೇಕು. ನಾವು ಮಳೆ ಬಂತು ಅಂತೀವಿ. ತುಂಬಾ ದಿನ ಕಾದಿದ್ರೆ ಬಂತು ನೋಡು ಮಳೆ ಅಂತೀವಲ್ವಾ? ಹಂಗೆ."

ಹಾಗೆ ಹುಟ್ಟಿತು ನನ್ನ ವಾಕ್ಯ. "ಓನ್ಲಿ ಆಫ್ಟರ್ ಎ ಇಯರ್ ಇನ್ ದ ಡಾರ್ಕ್ ಡಸ್ ದ ಕೋಕೊನಟ್ ಬಿಕಮ್ ಕೊಬ್ಬರಿ." ಓನ್ಲಿ ಮುಂದೆ ಬಂದು ನಿಂತರೆ ಡಸ್ ಕೂಡ ಕೋಕೊನಟ್ಟನ್ನು ಹಿಂದೆ ಹಾಕಿ ಓಡಿ ಬರಬೇಕಂತೆ. ಅದನ್ನು ನಾನು ಎಮ್ಮೆಗೆ ಹೇಳಿದೆ, ಬಾವಿಯೊಳಗೆ ಬಗ್ಗಿ ಹೇಳಿದೆ. ಬೇರೆ ಯಾರಿಗೂ ಹೇಳಲಿಲ್ಲ. "ಅಟ್ಟದ ಮಾತು ಅಟ್ಟದಲ್ಲೇ ಇರ್ಲಿ" ಅಂತ ಅಕ್ಕನೇ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ಸ್ಪರ್ಧೆಯ ಹಿಂದಿನ ದಿನ ಅಪ್ಪ ನಮ್ಮಿಬ್ಬರನ್ನೂ ಅತ್ತೆಯ ಮನೆಗೆ ಕರೆದುಕೊಂಡು ಹೋದರು. ಅತ್ತೆ ಅಂದರೆ ಅಪ್ಪನ ಅಕ್ಕ. ಅವರ ಹಿರಿಮಗನಿಗೇ ನಮ್ಮ ಅಕ್ಕ ಅಂತ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಕಿರಿಮಗ ನನ್ನ ಓರಗೆಯವನು, ಅವನೂ ಸ್ಪರ್ಧೆಯಲ್ಲಿದ್ದ. ಪೇಟೆಯಲ್ಲಿ ತಾರಸಿ ಮನೆ ಅವರದು, ಅಟ್ಟವೇ ಇರಲಿಲ್ಲ.

ಮಾರನೆಯ ದಿನ ನನಗಿಂತ ಮೊದಲು ಅವನನ್ನು ಕರೆದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತು, ಗಂಟಲು ಸರಿಮಾಡಿಕೊಂಡು, "ಓನ್ಲಿ ಆಫ್ಟರ್ ಎ ಇಯರ್ ಇನ್ ದ ಡಾರ್ಕ್" ಅಂದ. ಡಸ್ಸನ್ನೂ ಬಿಡಲಿಲ್ಲ ಅವನು. ಜನ ಚಪ್ಪಾಳೆ ತಟ್ಟಿದರು. ನಾನು ಅಕ್ಕನ ಕಡೆ ನೋಡಿದೆ. ಅವಳು ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತಾ ತಲೆ ತಗ್ಗಿಸಿ ಕೂತಿದ್ದಳು. ಅಷ್ಟೇ ಸಾಕಾಯಿತು ನನಗೆ.

ನನ್ನ ಸರದಿ ಬಂದಾಗ ಆ ವಾಕ್ಯ ಹೇಳಿದರೆ ನಾನೇ ಕದ್ದ ಹಾಗಾಗುತ್ತಿತ್ತು. ತೆಂಗಿನಕಾಯಿ ಒಂದು ವರ್ಷಕ್ಕೆ ಕೊಬ್ಬರಿ ಆಗುತ್ತದೆ ಅನ್ನುವುದನ್ನು ನೆಟ್ಟಗೆ, ಸಪ್ಪಗೆ ಇಂಗ್ಲಿಷಿನಲ್ಲಿ ಹೇಳಿ ಇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಬುಡ್ಲಾ, ಗೆದ್ದಿರೋನೂ ನಮ್ಮ ಹುಡುಗ್ನೇ ಅಲ್ವಾ" ಅಂದರು ಅಪ್ಪ. ಎಲ್ಲಿಲ್ಲದ ಸಿಟ್ಟು ಬಂತು. ಊರಿಗೆ ಹೋಗುವ ಬಸ್ಸಿನಲ್ಲಿ ಅಕ್ಕನನ್ನು ಕೇಳಿಯೇ ಬಿಟ್ಟೆ. "ಯಾಕ್ ಕೊಟ್ಟೆ?"

"ರಾತ್ರಿ ಅತ್ತೆ ಕೇಳುದ್ರು ಕಣ್ಲಾ, ಅವ್ನಿಗೂ ಒಂದು ಒಳ್ಳೆ ವಾಕ್ಯ ಹೇಳ್ಕೊಡು ಅಂತ. ನಾಳೆ ಆ ಮನೆಗೇ ಹೋಗೋಳು ನಾನು. ಹೆಂಗೆ ಇಲ್ಲ ಅನ್ಲಿ?"

"ನಂದು ಕಣಕ್ಕ ಅದು!"

"ತಿರುಗ್ಸಿ ಹೇಳ್ಕೊಟ್ಟೋಳು ನಾನಲ್ವಾ?" ಅಂದಳು. ಅಂದವಳೇ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಆಮೇಲೆ ಅವಳು ಎಷ್ಟು ಕರೆದರೂ ಅಟ್ಟ ಹತ್ತಲಿಲ್ಲ.

ಎರಡು ವರ್ಷಕ್ಕೆ ಅತ್ತೆ ಹಿರಿಮಗನಿಗೆ ಹಾಸನದ ಕಡೆಯಿಂದ ಹೆಣ್ಣು ತಂದರು. ನಮಗೆ ಲಗ್ನಪತ್ರಿಕೆ ಬಂದ ದಿನ ಅಕ್ಕ ಒಬ್ಬಳೇ ಅಟ್ಟದ ಮೇಲೆ ಕೂತಿದ್ದಳು. ನನಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಏಣಿಯ ಹತ್ತಿರ ಹೋಗಿ ನಿಂತೆ. ಹತ್ತುವುದಕ್ಕೆ ಮಾತ್ರ ಕಾಲು ಬರಲಿಲ್ಲ.

ಈಗ ನೀವು ಇಂಗ್ಲಿಷ್ ಶಾಲೆಗೆ ಹೋಗುತ್ತೀರಿ. ಮೊನ್ನೆ ನಿಮ್ಮ ಪಾಠದಲ್ಲೂ ಇದೇ ಬಂದಿತ್ತು, ಒತ್ತಿ ಹೇಳಬೇಕಾದ್ದನ್ನು ಮುಂದಕ್ಕೆ ತರುವುದು. ನೀವು ಫೋನನ್ನು ಕೇಳಿದಿರಿ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ರಾಶಿ ವಾಕ್ಯ ಸುರಿಯಿತು. ಒಂದನ್ನು ಯಾರಾದರೂ ತೆಗೆದುಕೊಂಡರೆ ಇನ್ನೊಂದು ಸಿಗುತ್ತದೆ. ಹಬ್ಬಕ್ಕೆ ಬಂದಾಗ ನಿಮ್ಮ ದೊಡ್ಡಜ್ಜಿ, ಅದೇ ನನ್ನ ಅಕ್ಕ, ನನ್ನ ತಟ್ಟೆಗೆ ಮರೆಯದೆ ಒಂದು ಹೋಳು ಕೊಬ್ಬರಿ ಹಾಕುತ್ತಾಳಲ್ಲ, ನಾನು ಸುಮ್ಮನೆ ತಿನ್ನುತ್ತೇನಲ್ಲ, ಅದು ಯಾಕೆ ಅಂತ ಕೇಳಿದ್ದಿರಿ. ಇದಕ್ಕೇ. ನನಗೆ ಇದ್ದದ್ದು ಅದೊಂದೇ ವಾಕ್ಯ. ಅಕ್ಕನೂ ಅವಳೊಬ್ಬಳೇ.