ಕಮ್ಮಿ ರೇಟಿನ ಬಿಲ್ಲನ್ನೂ ತಡೆದವರು

ಸಿಟ್ಟು ಬಂದರೆ ನಮ್ಮ ಅಕೌಂಟ್ಸ್ ಸಾರ್ ಮುಖ ಬದಲಾಗುತ್ತಿರಲಿಲ್ಲ, ಕಿವಿಗಳು ಮಾತ್ರ ಕೆಂಪಗಾಗುತ್ತಿದ್ದವು. ಹಾರೋಹಳ್ಳಿಯಲ್ಲಿ ಒಂದರ ಹಿಂದೊಂದು ಶೆಡ್ಡು ಏಳುತ್ತಿದ್ದ ಕಾಲ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ನಾನು ಅವರ ಕೈಕೆಳಗೆ ಬಿಲ್ಲು ನೋಡುತ್ತಿದ್ದೆ. ಮಾಲು ಕೊಟ್ಟವರ ಬಿಲ್ಲಿನ ರೇಟು ನಮ್ಮ ಆರ್ಡರಿನ ರೇಟಿಗೆ ತಾಳೆಯಾದರೆ ಪಾಸು. ಆಗದಿದ್ದರೆ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ಬದಿಗಿಡುತ್ತಿದ್ದರು, ಅದು ಯಾರ ಬಿಲ್ಲಾದರೂ ಸರಿ.

"ಒಪ್ಪಿದ ರೇಟು ಅಂದ್ರೆ ತಾಂಬೂಲ ಬದಲಾಯಿಸ್ಕೊಂಡಂಗೆ ಕಣವ್ವ. ಆಮೇಲೆ ಆ ಕಡೆಯೋರೂ ತಿರುಗಂಗಿಲ್ಲ, ಈ ಕಡೆಯೋರೂ ತಿರುಗಂಗಿಲ್ಲ" ಅನ್ನುತ್ತಿದ್ದರು.

ಚನ್ನಪಟ್ಟಣದ ಒಬ್ಬ ಭಾಯಿ ನಮಗೆ ಪ್ಯಾಕಿಂಗಿನ ಮರದ ಪೆಟ್ಟಿಗೆ ಮಾಡಿಕೊಡುತ್ತಿದ್ದರು. ಮರದ ಬೆಲೆ ಏರಿತೆಂದು ಚಪ್ಪಲಿ ಸವೆಯುವಷ್ಟು ಅಲೆದು, ಹೆಚ್ಚಿನ ರೇಟಿನ ಹೊಸ ಆರ್ಡರು ಪಡೆದಿದ್ದರು. ಆದರೆ ಇಂಗ್ಲಿಷ್ ಬಾರದ ಅವರು ಯಾವತ್ತೂ ಹಳೆಯ ಬಿಲ್ಲನ್ನು ಮುಂದಿಟ್ಟುಕೊಂಡು ಹಾಗೇ ನಕಲು ಮಾಡುತ್ತಿದ್ದರು. ಈ ಸಲವೂ ಹಾಗೇ ಮಾಡಿ, ಹಳೆಯ ರೇಟೇ ಬರೆದುಬಿಟ್ಟಿದ್ದರು.

ಪರ್ಚೇಸ್ ಮ್ಯಾನೇಜರ್ ನಕ್ಕರು. "ಕಮ್ಮಿ ತಾನೇ ಹಾಕಿರೋದು? ಪಾಸ್ ಮಾಡ್ರಿ."

ಸಾರ್ ಕಿವಿ ಕೆಂಪಗಾಯಿತು. "ಜಾಸ್ತಿ ಹಾಕಿದ್ರೆ ತಪ್ಪು, ಕಮ್ಮಿ ಹಾಕಿದ್ರೆ ಲಾಭವಾ ಸಾರ್? ನಾಳೆ ಇದೇ ಬಿಲ್ ತೋರ್ಸಿ ಹಳೇ ರೇಟಿಗೇ ಕೊಡು ಅಂತೀರಿ. ಅವ್ನು ಶೆಡ್ ಬಾಗ್ಲು ಹಾಕ್ಬೇಕಾಯ್ತದೆ." ನನ್ನ ಕಡೆ ತಿರುಗಿ, "ಭಾಯಿಗೆ ಫೋನ್ ಹಾಕವ್ವ. ಬಿಲ್ ತಿದ್ಕೊಂಡು ಬರ್ಲಿ" ಅಂದರು.

"ಫೋನ್ ಮಾಡಿದ್ರೆ ನಿಮ್ಮ ಕುರ್ಚಿ ಇಲ್ಲಿರಲ್ಲ" ಅಂದರು ಮ್ಯಾನೇಜರ್.

ಸಾರ್ ಫೋನನ್ನು ನನ್ನ ಕಡೆ ಸರಿಸಿದರು. ನಾನು ಮಾಡಿದೆ. ಸಂಜೆಯೊಳಗೆ ಭಾಯಿ ಬೆವರು ಸುರಿಸುತ್ತಾ ಹೊಸ ಬಿಲ್ಲು ತಂದರು, ಸಾರ್ ನಿಂತಲ್ಲೇ ಪಾಸು ಮಾಡಿದರು.

ಮುಂದಿನ ವಾರ ಮ್ಯಾನೇಜರ್ ನಮ್ಮ ಸಾರನ್ನು ಗೇಟಿಗೆ ಹಾಕಿಸಿದರು, ಲಾರಿ ನಂಬರು ಬರೆಯಲು. ಅಷ್ಟು ವರ್ಷ ಅಕೌಂಟ್ಸ್ ನೋಡಿದ ಮನುಷ್ಯನನ್ನು. ನನ್ನ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ. ಅವರು ಮಾತ್ರ, "ಇಲ್ಲಿ ಗಾಳಿ ಚೆನ್ನಾಗೈತೆ ಕಣವ್ವ, ನೀನು ಒಳಗೆ ರೇಟು ನೋಡ್ಕೊ" ಅಂದರು. ಅವರು ರಿಟೈರ್ ಆಗಿದ್ದು ಆ ಗೇಟಿನಲ್ಲೇ.

ಅವರ ತಿಥಿಗೆ ಅವರೂರು ಕೂಟಗಲ್ಲಿಗೆ ಹೋಗಿದ್ದೆ. ಭಾಯಿಯೂ ಬಂದಿದ್ದರು, ಅವರ ಶೆಡ್ಡು ಇನ್ನೂ ನಡೆಯುತ್ತಿತ್ತು. ಮ್ಯಾನೇಜರ್ ಕಾರಿನಲ್ಲಿ ಬಂದು ಫೋಟೋಗೆ ದೊಡ್ಡ ಹಾರ ಹಾಕಿ, ಎಲ್ಲರಿಗೂ ಕೇಳುವಂತೆ ಅಂದರು: "ಕಂಪ್ನಿಗೆ ಎಷ್ಟು ದುಡ್ಡು ಉಳಿಸಿದ್ರು ಪುಣ್ಯಾತ್ಮ."

ಭಾಯಿ ತಲೆ ತಗ್ಗಿಸಿದರು. ನನಗೆ ತಡೆಯಲಾಗಲಿಲ್ಲ.

"ಉಳಿಸಿದ್ದಕ್ಕಲ್ಲ ಸಾರ್, ಕೊಡಬೇಕಾದ್ದನ್ನ ಕೊಡಿಸಿದ್ದಕ್ಕೆ ನೀವು ಅವರನ್ನ ಗೇಟಿಗೆ ಹಾಕಿದ್ದು" ಅಂದೆ.

ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ನನ್ನ ಕಿವಿಗಳು ಸುಡುತ್ತಿದ್ದವು.